ಎರಡೂ 8ಎ, ಆದರೂ ಕೂಡಲಿಲ್ಲ

ಸ್ಕ್ರೀನ್ ಮೇಲೆ ಎಲ್ಲವೂ ಸರಿ ಇತ್ತು. ಡೀಜೆ ನಾನು, ಎರಡು ಪ್ಲೇಯರ್ ಅಂದರೆ ಎರಡು ಡೆಕ್‌ನಿಂದ ಹಾಡಿಗೆ ಹಾಡು ಕೂಡಿಸುತ್ತಿದ್ದೆ. ಎಡಗಡೆ ಡೆಕ್‌ನಲ್ಲಿ 126.0, ಬಲಗಡೆ ಡೆಕ್‌ನಲ್ಲೂ 126.0. ಎರಡೂ ಟ್ರ್ಯಾಕ್‌ಗಳ ಹೆಸರಿನ ಪಕ್ಕ 8ಎ. 126 ಅಂದರೆ ಟೆಂಪೋ, ನಿಮಿಷಕ್ಕೆ ಎಷ್ಟು ಬೀಟ್ (ಬಿಪಿಎಂ) ಅನ್ನೋ ವೇಗ. 8ಎ ಅಂದರೆ ಕೀ, ಹಾಡು ಬಳಸುವ ಸ್ವರಗಳ ಗುಂಪಿಗೆ ಡೀಜೆಗಳ ಸಂಖ್ಯೆ; ಇಲ್ಲಿ ಎ ಮೈನರ್. ಒಂದೇ ಟೆಂಪೋ, ಒಂದೇ ಕೀ. ಇದಕ್ಕಿಂತ ಸುಲಭದ ಜೋಡಿ ಸಿಗಲ್ಲ ಅಂದುಕೊಂಡು ಬಲಗಡೆ ವಾಲ್ಯೂಮ್ ಫೇಡರ್ ಮೇಲೆತ್ತಿದೆ. ಹೈಹ್ಯಾಟ್ ಬಂತು, ಶೇಕರ್ ಬಂತು, ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಮೇಲೆ ಕಿಕ್ ಚೆನ್ನಾಗಿಯೇ ಕೂತಿತು. ಆಮೇಲೆ ಬೇಸ್‌ಲೈನ್ ಬಂತು. ಅಲ್ಲಿಂದ ಕೆಟ್ಟಿತು. ಕಿವಿಗೆ ಚುಚ್ಚುವಂಥದ್ದೇನೂ ಇರಲಿಲ್ಲ. ಒಂದು ಥರದ ತೂಗಾಟ ಅಷ್ಟೇ. ಬೇಸ್ ಊದಿಕೊಳ್ಳುತ್ತಿತ್ತು, ಸೊರಗುತ್ತಿತ್ತು, ಮತ್ತೆ ಊದಿಕೊಳ್ಳುತ್ತಿತ್ತು. ಕಿಕ್ ಜೊತೆ ಹೆಜ್ಜೆ ಹಾಕುತ್ತಿದೆ ಅನ್ನುವಷ್ಟರಲ್ಲಿ ಹಿಂದೆ ಬೀಳುತ್ತಿತ್ತು, ಕಾಲೆಳೆದುಕೊಂಡು ಬರುವವರ ಹಾಗೆ. ಮುಂದೆ ಕುಣಿಯುತ್ತಿದ್ದವರು ಯಾರೂ ಮುಖ ಸಿಂಡರಿಸಲಿಲ್ಲ. ಆದರೆ ಭುಜಗಳು ಇಳಿದವು. ಇಬ್ಬರು ಮೂವರು ಜೇಬಿನಿಂದ ಫೋನ್ ತೆಗೆದರು. ಡೀಜೆಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಏನೂ ಹೇಳಬೇಕಾಗಿಲ್ಲ.

ಗಾಬರಿಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಡೆಕ್ ಮೇಲಿನ ಚಕ್ರ, ಜಾಗ್ ವೀಲ್ ಹಿಡಿದು ಟ್ರ್ಯಾಕನ್ನು ಸ್ವಲ್ಪ ಮುಂದಕ್ಕೆ ತಳ್ಳಿದೆ. ಕಿಕ್ ಸರಿ ಇತ್ತಲ್ಲ, ಅದೂ ಹಾಳಾಯಿತು. ವಾಪಸ್ ಎಳೆದೆ. ಫಿಲ್ಟರ್ ತಿರುಗಿಸಿದೆ. ಕೊನೆಗೆ ಹಳೆ ಟ್ರ್ಯಾಕನ್ನು ಅರ್ಧ ಫ್ರೇಸ್‌ನಲ್ಲೇ ಕತ್ತರಿಸಿ ಹಾಕಿ, ಏನೂ ಆಗಿಲ್ಲ ಅನ್ನೋ ಮುಖ ಮಾಡಿಕೊಂಡು ನಿಂತೆ. ತಪ್ಪು ಕೀ ಹಾಕಿ ಅಪಸ್ವರ ಬಂದಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಅದು ಗೊತ್ತಿರುವ ತಪ್ಪು, ಬೈದುಕೊಂಡು ಮರೆಯಬಹುದು. ಇಲ್ಲಿ ಎರಡು ಸಂಖ್ಯೆಗಳೂ ಹೊಂದಿದ್ದವು. ಹಾಗಾದರೆ ಹೊಂದದೇ ಇದ್ದದ್ದು ಯಾವುದು? ಈ ಪ್ರಶ್ನೆ ವಾರಗಟ್ಟಲೆ ತಲೆಯಲ್ಲಿ ಕೂತಿತ್ತು. ಅದರ ಬೆನ್ನು ಹತ್ತಿದ್ದಕ್ಕೆ, ಹತ್ತಾರು ವರ್ಷದಿಂದ ಬೇರೆ ಬೇರೆ ಅಂದುಕೊಂಡಿದ್ದ ಎರಡು ವಿಷಯಗಳು ಒಂದೇ ಅಂತ ಗೊತ್ತಾಯಿತು.

ಟೆಂಪೋ ಫೇಡರ್‌ಗೆ ಪಿಚ್ ಅಂತ ಯಾಕೆ ಹೆಸರು

ಮೊದಲು ಸರಳ ಕಾರಣ ಹೇಳಿಬಿಡುತ್ತೇನೆ. ವೇಗ ಬದಲಿಸಿದರೂ ಸ್ವರ ಬದಲಾಗದಂತೆ ಹಿಡಿದಿಡುವ ಕೀ ಲಾಕ್ ಆಫ್ ಆಗಿತ್ತು. ನನಗಿಂತ ಮುಂಚೆ ಹಾಕುತ್ತಿದ್ದವರು ಆಫ್ ಮಾಡಿದ್ದರು, ನಾನು ನೋಡಲಿಲ್ಲ. ಎಡಗಡೆ ಟ್ರ್ಯಾಕ್‌ನ ಮೂಲ ಟೆಂಪೋ 122. ಅದನ್ನು 126ಕ್ಕೆ ಏರಿಸಿದ್ದೆ, ಅಂದರೆ ಶೇಕಡಾ 3.28ರಷ್ಟು. ಕೀ ಲಾಕ್ ಇಲ್ಲದಿದ್ದರೆ ವೇಗ ಏರಿದಷ್ಟೇ ಸ್ವರವೂ ಏರುತ್ತದೆ. ಒಂದು ಸೆಮಿಟೋನ್, ಅಂದರೆ ಪಕ್ಕದ ಸ್ವರಕ್ಕೆ ಒಂದು ಮೆಟ್ಟಿಲು, ಏರಬೇಕಾದರೆ ಶೇಕಡಾ 5.95 ಬೇಕು. ಹಾಗಾಗಿ ನನ್ನ ಟ್ರ್ಯಾಕ್ ಎ ಮೈನರ್ ಬಿಟ್ಟು ಹೊರಟಿತ್ತು, ಬಿ ಫ್ಲ್ಯಾಟ್ ಮೈನರ್ ಇನ್ನೂ ತಲುಪಿರಲಿಲ್ಲ. ಸೆಮಿಟೋನನ್ನು 100 ಸೆಂಟ್ ಅಂತ ಭಾಗ ಮಾಡಿದರೆ ಸುಮಾರು 56 ಸೆಂಟ್ ಮೇಲೆ ನಿಂತಿತ್ತು. ನಟ್ಟನಡುವೆ. ಸ್ಕ್ರೀನ್ ಮೇಲಿನ 8ಎ ಮಾತ್ರ ಅಲುಗಾಡಲಿಲ್ಲ. ಯಾಕಂದ್ರೆ ಆ ಹಳೆ ಪ್ಲೇಯರ್ ತೋರಿಸುತ್ತಿದ್ದದ್ದು ನಾನು ಮನೆಯಲ್ಲಿ ವಿಶ್ಲೇಷಣೆ ಮಾಡಿಸಿದಾಗ ಫೈಲಿನಲ್ಲಿ ಬರೆದುಕೊಂಡ ಕೀ. ಅದು ಟ್ರ್ಯಾಕಿನ ಜಾತಕ. ಈಗ ಎಲ್ಲಿದ್ದೀಯ ಅಂತ ಜಾತಕ ಕೇಳಿದರೆ ಏನು ಹೇಳುತ್ತೆ?

ಇಷ್ಟಕ್ಕೆ ಮುಗಿಸಬಹುದಿತ್ತು. ಕೀ ಲಾಕ್ ದೀಪ ನೋಡು, ಮುಂದೆ ಹೋಗು. ಆದರೆ ಆ ತೂಗಾಟ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಲಯ ಇತ್ತು. ಲಯ ಇದ್ದರೆ ಅದನ್ನು ಎಣಿಸಬಹುದು, ಅಲ್ವಾ? ಕೂತು ಲೆಕ್ಕ ಹಾಕಿದೆ. ಎರಡೂ ಟ್ರ್ಯಾಕಿನ ಬೇಸ್ ಜಾಸ್ತಿ ಹೊತ್ತು ನಿಲ್ಲುತ್ತಿದ್ದದ್ದು ಕೆಳಗಿನ ಎ ಸ್ವರದ ಮೇಲೆ, 55 ಹರ್ಟ್ಸ್, ಅಂದರೆ ಸೆಕೆಂಡಿಗೆ 55 ಅಲೆ. ಏರಿಸಿದ ಟ್ರ್ಯಾಕಿನಲ್ಲಿ ಅದೇ ಸ್ವರ 56.8 ಹರ್ಟ್ಸ್ ಆಗಿತ್ತು. ಹತ್ತಿರ ಹತ್ತಿರದ ಎರಡು ಸ್ವರ ಒಟ್ಟಿಗೆ ಕೇಳಿಸಿದರೆ, ಅವುಗಳ ವ್ಯತ್ಯಾಸ ಎಷ್ಟೋ ಸೆಕೆಂಡಿಗೆ ಅಷ್ಟು ಸಲ ಶಬ್ದ ಏರಿ ಇಳಿಯುತ್ತದೆ. ತಂತಿ ವಾದ್ಯವನ್ನು ಶ್ರುತಿ ಮಾಡುವವರಿಗೆ ಇದು ದಿನನಿತ್ಯದ ವಿಷಯ. ಇಲ್ಲಿ ವ್ಯತ್ಯಾಸ 1.8. ಅಂದರೆ ಸೆಕೆಂಡಿಗೆ 1.8 ತೂಗಾಟ. ಇನ್ನು 126 ಬಿಪಿಎಂ ಕಿಕ್ ಸೆಕೆಂಡಿಗೆ 2.1 ಸಲ ಬೀಳುತ್ತದೆ. 2.1 ಮತ್ತು 1.8. ಕಾಲೆಳೆದುಕೊಂಡು ಹಿಂದೆ ಬರುತ್ತಿದ್ದದ್ದು ಇದೇ! ಆವತ್ತು ನನಗೆ ಕೇಳಿಸಿದ್ದು ಭ್ರಮೆ ಆಗಿರಲಿಲ್ಲ ಅಂತ ಖುಷಿಯಾಯಿತು. ಕೀ ತಪ್ಪಿದ್ದು ನಿಜ. ಆದರೆ ಅದು ನನಗೂ, ಕುಣಿಯುವವರಿಗೂ ಮುಟ್ಟಿದ್ದು ತಾಳ ತಪ್ಪಿದ ಹಾಗೆ.

ಇದನ್ನೇ ಇನ್ನೊಂದು ರೀತಿ ಬರೆದು ನೋಡಿದೆ. 55 ಹರ್ಟ್ಸ್ ಅಂದರೆ ನಿಮಿಷಕ್ಕೆ 3300 ಅಲೆ. 56.8 ಅಂದರೆ 3408. ಬಿಪಿಎಂ ಭಾಷೆಯಲ್ಲಿ ಹೇಳಿದರೆ, ಒಂದು ಡೆಕ್‌ನಲ್ಲಿ 3300 ಬಿಪಿಎಂ ಬೇಸ್, ಇನ್ನೊಂದರಲ್ಲಿ 3408 ಬಿಪಿಎಂ ಬೇಸ್. ಬೀಟ್‌ಮ್ಯಾಚ್ ಆಗಿಲ್ಲ, ಅಷ್ಟೇ! ಕಿಕ್‌ಗಳನ್ನು ಕೂಡಿಸಿದ್ದೆ, ಬೇಸ್‌ಗಳನ್ನು ಕೂಡಿಸಿರಲಿಲ್ಲ. 126ರ ಕಿಕ್ಕನ್ನು 26 ಪಟ್ಟು ವೇಗವಾಗಿ ಓಡಿಸಿದರೆ ಅದು ಹೊಡೆತವಾಗಿ ಕೇಳಿಸುವುದಿಲ್ಲ, ಹೆಚ್ಚುಕಡಿಮೆ ಆ 55 ಹರ್ಟ್ಸ್ ಸ್ವರವೇ ಆಗಿ ಕೇಳಿಸುತ್ತದೆ. ಟೆಂಪೋ ಅನ್ನುವುದು ಎಣಿಸಲು ಸಿಗುವಷ್ಟು ನಿಧಾನದ ಶ್ರುತಿ. ಶ್ರುತಿ ಅನ್ನುವುದು ಎಣಿಸಲು ಸಿಗದಷ್ಟು ವೇಗದ ಟೆಂಪೋ. ಶ್ರುತಿ ತಾಯಿ, ಲಯ ತಂದೆ ಅನ್ನೋ ಮಾತಿದೆಯಲ್ಲ, ಟರ್ನ್‌ಟೇಬಲ್‌ನ ತಟ್ಟೆ ಮೇಲೆ ಆ ಇಬ್ಬರೂ ಒಬ್ಬರೇ.

ಆ ಹೆಸರಿನಲ್ಲೇ ಇದು ಇತ್ತು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನ ಬಲಬದಿಯಲ್ಲಿ ಒಂದು ಉದ್ದನೆಯ ಫೇಡರ್ ಇದೆ. ಮೇಲಕ್ಕೆ ಶೇಕಡಾ 8, ಕೆಳಕ್ಕೆ ಶೇಕಡಾ 8. ನಾವೆಲ್ಲ ಅದನ್ನು ಬಳಸುವುದು ಟೆಂಪೋ ಹೊಂದಿಸಲು. ಕರೆಯುವುದು ಮಾತ್ರ ಪಿಚ್ ಅಂತ, ಅಂದರೆ ಸ್ವರದ ಎತ್ತರ. 'ಪಿಚ್ ಸ್ವಲ್ಪ ಏರಿಸು' ಅಂತ ಸಾವಿರ ಸಲ ಹೇಳಿದ್ದೇನೆ, ಒಂದು ಸಲವೂ ಪಿಚ್ ಬಗ್ಗೆ ಯೋಚಿಸಿರಲಿಲ್ಲ. ರೆಕಾರ್ಡ್ ಮೇಲೆ ಟೆಂಪೋ ಮತ್ತು ಕೀ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದು ಮುಂದೆ ಹೆಜ್ಜೆ ಇಟ್ಟರೆ ಇನ್ನೊಂದೂ ಇಡಲೇಬೇಕು. ಡಿಜಿಟಲ್ ಪ್ಲೇಯರ್‌ಗಳ ಕೀ ಲಾಕ್ ಬಂದು ಆ ನೊಗ ಬಿಚ್ಚಿತು. ಬಿಚ್ಚಿದ ಮೇಲೆ ಬೆಳೆದ ನನ್ನಂಥವರು ಅವೆರಡೂ ಹುಟ್ಟಿದಾಗಿನಿಂದ ಬೇರೆ ಬೇರೆ ಅಂದುಕೊಂಡುಬಿಟ್ಟೆವು. ಲೈಬ್ರರಿಯಲ್ಲಿ ಒಂದು ಕಾಲಂ ಬಿಪಿಎಂಗೆ, ಇನ್ನೊಂದು ಕೀಗೆ.

ಸ್ಕ್ರೀನ್ ಮೇಲೆ ಟವೆಲ್

ಕಲಿಯುವಾಗಿನ ಒಂದು ಮಧ್ಯಾಹ್ನ ಈಗ ಮತ್ತೆ ಮತ್ತೆ ನೆನಪಾಗುತ್ತಿದೆ. ನನಗಿಂತ ಹತ್ತು ವರ್ಷ ಹಳಬರಾದ ಒಬ್ಬ ಡೀಜೆ ಗೆಳೆಯರ ಕೋಣೆ. ನಾನು ಅಲೆಗಳ ಚಿತ್ರ ನೋಡಿ ಕಿಕ್ ಮೇಲೆ ಕಿಕ್ ಕೂರಿಸುತ್ತಿದ್ದೆ. ಅವರು ಏನೂ ಹೇಳದೆ ಎದ್ದು ಹೋಗಿ, ಒದ್ದೆ ಟವೆಲ್ ತಂದು ಲ್ಯಾಪ್‌ಟಾಪ್ ಮೇಲೆ ಹೊದಿಸಿದರು. ಒದ್ದೆ ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ, ಬಹುಶಃ ಕೈಗೆ ಸಿಕ್ಕಿದ್ದು ಅದೇ ಇರಬೇಕು. 'ಈಗ ಕೂರಿಸು' ಅಂದರು. ಕೂರಿಸಿದೆ. ನನ್ನ ಕಿವಿಗೆ ಪರಿಪೂರ್ಣವಾಗಿ ಕೂತಿತ್ತು. ಅವರು ಬೆನ್ನು ತಿರುಗಿಸಿಕೊಂಡು ಕಿಟಕಿ ಹತ್ತಿರ ನಿಂತಿದ್ದರು. ಹತ್ತು ಹನ್ನೆರಡು ಸೆಕೆಂಡ್ ಆಗಿರಬಹುದು, 'ಜಾರ್ತಾ ಇದೆ' ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಇನ್ನೂ ಅರ್ಧ ನಿಮಿಷ ಕಳೆದ ಮೇಲೆ ಎರಡು ಕಿಕ್‌ಗಳು ಬಿಡಿಬಿಡಿಯಾಗಿ, ಕುದುರೆ ಓಡುವ ಹಾಗೆ ಕೇಳಿಸತೊಡಗಿದವು. ಇವರಿಗೆ ಅಷ್ಟು ಮುಂಚೆ ಹೇಗೆ ಗೊತ್ತಾಯಿತು?

'ನೀನು ಎರಡು ಕಿಕ್ ಕೇಳಿಸೋದಕ್ಕೆ ಕಾಯ್ತಾ ಇದ್ದೀಯ' ಅಂದರು. 'ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರತ್ತೆ. ಒಂದೇ ಕಿಕ್ ಕೇಳ್ತಾ ಇರುವಾಗಲೇ ಅದು ದಪ್ಪ ಇದೆಯೋ ತೆಳ್ಳಗಾಗ್ತಾ ಇದೆಯೋ ನೋಡು.'

ಆಮೇಲೆ ಆ ಮಧ್ಯಾಹ್ನವೆಲ್ಲ ಅದೊಂದನ್ನೇ ಮಾಡಿದೆವು. ಫೇಡರ್ ಕೂದಲೆಳೆಯಷ್ಟು ಸರಿಸುವುದು, ಕೈ ತೆಗೆಯುವುದು, ಕಾಯುವುದು. ಮೊದಮೊದಲು ಏನೂ ಇಲ್ಲ. ಆಮೇಲೆ ಒಂದು ಸಲ ಕೇಳಿಸಿತು. ಹೊಡೆತ ಇನ್ನೂ ಒಂದೇ, ಆದರೆ ಹೊಟ್ಟೆ ಇಲ್ಲ. ತುಂಬಿದ ಡ್ರಮ್ಮಿನ ನೀರನ್ನು ಯಾರೋ ಕೆಳಗಿನಿಂದ ಖಾಲಿ ಮಾಡುತ್ತಿರುವ ಹಾಗೆ. ಕಣ್ಣಿಗೆ ಏನೂ ಕಾಣದಿದ್ದಾಗಲೇ ಇದು ಕೇಳಿಸುವುದು. ಸ್ಕ್ರೀನ್ ಇದ್ದರೆ ಕಿವಿ ಆ ಕಡೆ ಹೋಗುವುದೇ ಇಲ್ಲ.

ಯಾಕೆ ತೆಳ್ಳಗಾಗುತ್ತದೆ ಅಂತ ಆಗ ಕೇಳಲಿಲ್ಲ. ಈಗ ಲೆಕ್ಕ ಸಿಕ್ಕಿತು. 126 ಮತ್ತು 126.1ರ ನಡುವೆ ಒಂದು ಬೀಟಿಗೆ ಸುಮಾರು 0.38 ಮಿಲಿಸೆಕೆಂಡ್ ವ್ಯತ್ಯಾಸ. ಏನೂ ಅಲ್ಲ. ಆದರೆ 26 ಬೀಟ್ ಕಳೆಯುವಷ್ಟರಲ್ಲಿ ಅದು 10 ಮಿಲಿಸೆಕೆಂಡ್ ಆಗುತ್ತದೆ. ಕಿಕ್ಕಿನ ಕೆಳಭಾಗ 50 ಹರ್ಟ್ಸ್ ಆಸುಪಾಸು ಇದ್ದರೆ, ಅದರ ಒಂದು ಅಲೆಯ ಉದ್ದ 20 ಮಿಲಿಸೆಕೆಂಡ್. 10 ಅಂದರೆ ಸರಿಯಾಗಿ ಅರ್ಧ. ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ, ಎರಡೂ ಪರಸ್ಪರ ತಿಂದುಹಾಕುತ್ತವೆ. ಎರಡು ಹೊಡೆತ ಬೇರೆ ಬೇರೆ ಅಂತ ಅನ್ನಿಸುವುದಕ್ಕೆ ಇನ್ನೂ ಎಷ್ಟೋ ಸಮಯ ಬೇಕು, ಅಷ್ಟರಲ್ಲಿ ಬೇಸ್ ಹೋಗಿಯೇಬಿಟ್ಟಿರುತ್ತದೆ. 126ರಲ್ಲಿ 26 ಬೀಟ್ ಅಂದರೆ ಹನ್ನೆರಡೂ ಚಿಲ್ಲರೆ ಸೆಕೆಂಡ್. ಕಿಟಕಿ ಹತ್ತಿರ ನಿಂತ ಗೆಳೆಯರು ಬಾಯಿಬಿಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಆವತ್ತು ಅವರು ಕಲಿಸಿದ್ದು ಬೀಟ್‌ಮ್ಯಾಚಿಂಗ್ ಅಂದುಕೊಂಡಿದ್ದೆ. ನಿಜಕ್ಕೂ ಕಲಿಸಿದ್ದು ಶ್ರುತಿ ಕೇಳುವುದನ್ನು. ಏರಿ ಇಳಿಯುವ ಆ ತೂಗಾಟ ಕಿಕ್ಕಿನಲ್ಲಿ ನಿಧಾನವಾಗಿ ಬರುತ್ತದೆ, ಬೇಸ್‌ಲೈನಿನಲ್ಲಿ ಬೇಗ ಬರುತ್ತದೆ. ವಸ್ತು ಒಂದೇ.

ಎರಡು ಟ್ರ್ಯಾಕಿನ ಬೀಟನ್ನು ತಾನೇ ಕೂಡಿಸುವ ಸಿಂಕ್ ಬಟನ್ ಬಗ್ಗೆ ಇಲ್ಲಿ ಜಗಳ ಶುರು ಮಾಡುವ ಆಸೆ ನನಗಿಲ್ಲ. ನಾನೂ ಸಿಂಕ್ ಒತ್ತುತ್ತೇನೆ. ಯಂತ್ರಕ್ಕಿಂತ ಚೆನ್ನಾಗಿ 126.00 ಹಿಡಿದಿಡಲು ನನ್ನಿಂದ ಆಗಲ್ಲ, ಆಗಬೇಕಾಗಿಯೂ ಇಲ್ಲ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುಯರಿ ಕ್ಲಬ್‌ನಲ್ಲಿ ಫ್ರಾನ್ಸಿಸ್ ಗ್ರಾಸೋ ಎರಡು ರೆಕಾರ್ಡ್‌ಗಳ ಬೀಟ್ ಕೂಡಿಸುತ್ತಿದ್ದಾಗ, ಆ ರೆಕಾರ್ಡ್‌ಗಳಲ್ಲಿ ಇದ್ದವರು ಕೈಯಿಂದ ಡ್ರಮ್ ಬಾರಿಸುವ ಮನುಷ್ಯರು. ಕೋರಸ್ ಬಂದರೆ ಹುರುಪಿನಲ್ಲಿ ಓಡುತ್ತಿದ್ದರು. ಅವರನ್ನು ಹಿಡಿದಿಡಲು ಒಂದು ಕೈ ಯಾವಾಗಲೂ ರೆಕಾರ್ಡ್ ಮೇಲೆಯೇ ಇರಬೇಕು. 1983ರಲ್ಲಿ ಬಂದ ರೋಲ್ಯಾಂಡ್ ಟಿಆರ್-909ರಂಥ ಡ್ರಮ್ ಮೆಷಿನ್‌ಗಳ ಕಿಕ್ ಹಾಗೆ ಓಡುವುದಿಲ್ಲ. ಶಿಕಾಗೋದಲ್ಲಿ ಹುಟ್ಟಿದ ಹೌಸ್ ಆ ನಿಶ್ಚಿಂತೆಯ ಮೇಲೆ ಬೆಳೆದ ಸಂಗೀತ. ಟೆಂಪೋ ಕೂತ ಮೇಲೆ ಒಂದು ನಿಮಿಷ, ಎರಡು ನಿಮಿಷ ಎರಡು ಟ್ರ್ಯಾಕನ್ನೂ ಒಟ್ಟಿಗೆ ಬಿಟ್ಟುಬಿಡಬಹುದು. ಅಷ್ಟು ಹೊತ್ತು ಒಟ್ಟಿಗೆ ಇದ್ದಾಗಲೇ ಕೀ ಪ್ರಶ್ನೆ ಏಳುವುದು. ಎಂಟು ಸೆಕೆಂಡಿನಲ್ಲಿ ಕತ್ತರಿಸಿ ಹೋಗುವವರಿಗೆ ಅದು ಅಷ್ಟಾಗಿ ತಾಗುವುದೇ ಇಲ್ಲ.

ಚಕ್ರದಲ್ಲಿ ಮನೆ ಇಲ್ಲದ ಸ್ವರ

8ಎ, 8ಬಿ ಥರದ ಸಂಖ್ಯೆಗಳು ಬರುವುದು ಕ್ಯಾಮೆಲಾಟ್ ಚಕ್ರದಿಂದ. ಯಾವ ಕೀಗೆ ಯಾವ ಕೀ ಹೊಂದುತ್ತದೆ ಅಂತ ತೋರಿಸುವ ಡೀಜೆಗಳ ನಕ್ಷೆ ಅದು. ಮಾರ್ಕ್ ಡೇವಿಸ್ ಮಾಡಿದ ಉಪಕಾರ ದೊಡ್ಡದು. ಸಂಗೀತ ಶಾಲೆಯ ಪಂಚಮಗಳ ಚಕ್ರವನ್ನು ಗಡಿಯಾರದ ಮುಖ ಮಾಡಿಕೊಟ್ಟರು. ಪಕ್ಕದ ಮನೆಗೆ ಹೋದರೆ ಏಳರಲ್ಲಿ ಆರು ಸ್ವರ ಹಾಗೇ ಇರುತ್ತವೆ, ಒಂದು ಮಾತ್ರ ಬದಲು. 8ಎಯಿಂದ 8ಬಿಗೆ ಹೋದರೆ ಏಳಕ್ಕೆ ಏಳೂ ಅವೇ, ಮನಸ್ಸು ಮಾತ್ರ ಬೇರೆ. ಸಂಗೀತ ಓದಲು ಬರದ ನನ್ನಂಥವನಿಗೆ ಇದು ವರವೇ. ನನಗೆ ತಕರಾರು ಇರುವುದು ಚಕ್ರದ ಮೇಲೆ ಅಲ್ಲ, ಅದರ ಮನೆಗಳ ನಡುವೆ ಗೋಡೆ ಇದೆ ಅಂದುಕೊಂಡ ನನ್ನ ಮೇಲೆ. 24 ಮನೆ, ಎಲ್ಲ ಟ್ರ್ಯಾಕೂ ಯಾವುದಾದರೂ ಒಂದು ಮನೆಯಲ್ಲಿ ಇರಲೇಬೇಕು ಅಂತ. ಪಿಚ್ ಫೇಡರ್‌ಗೆ ಅಂಥ ಮನೆಗಳಿಲ್ಲ. ಅದು ಇಳಿಜಾರು.

8ಎ ಟ್ರ್ಯಾಕನ್ನು ಕೀ ಲಾಕ್ ಇಲ್ಲದೆ ಶೇಕಡಾ 6 ಏರಿಸಿದರೆ ಅದು ಬಿ ಫ್ಲ್ಯಾಟ್ ಮೈನರ್, ಚಕ್ರದಲ್ಲಿ 3ಎ. ಕಿವಿಗೆ ಒಂದೇ ಮೆಟ್ಟಿಲು, ಚಕ್ರದಲ್ಲಿ ಮುಂದಕ್ಕೆ ಎಣಿಸಿದರೆ ಏಳು ಮನೆ ಆಚೆ. ಶೇಕಡಾ 3 ಏರಿಸಿ ನಿಲ್ಲಿಸಿದರೆ ಅದಕ್ಕೆ ಎಲ್ಲೂ ಮನೆಯಿಲ್ಲ. ನನ್ನ ಆ ರಾತ್ರಿಯ ಟ್ರ್ಯಾಕ್ ಅಲ್ಲಿಯೇ ಬೀದಿಯಲ್ಲಿ ನಿಂತಿತ್ತು. ಹಾಗೆ ನೋಡಿದರೆ ಅರ್ಧ ತಪ್ಪುವುದಕ್ಕಿಂತ ಪೂರ್ತಿ ಒಂದು ಸೆಮಿಟೋನ್ ಹೋಗುವುದೇ ಎಷ್ಟೋ ವಾಸಿ. 118ರ ಒಂದು ಡೀಪ್ ಹೌಸ್ ಟ್ರ್ಯಾಕನ್ನು 125ಕ್ಕೆ ಏರಿಸಿ ನೋಡಿ. ಸರಿಯಾಗಿ ಒಂದು ಸೆಮಿಟೋನ್ ಏರುತ್ತದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೀ ಲಾಕ್ ಬೇಕಾಗಿಯೇ ಇಲ್ಲ. ಹಾಡಿದವರ ದನಿ ಸ್ವಲ್ಪ ಎಳೆಯದಾಗುತ್ತದೆ, ಕಿಕ್ ಬಿಗಿಯಾಗುತ್ತದೆ. ನನಗಂತೂ ಅದು ಮೂಲಕ್ಕಿಂತ ಜಾಸ್ತಿ ಇಷ್ಟ. ಹೊಸ ಪ್ಲೇಯರ್‌ಗಳು ಇದನ್ನೆಲ್ಲ ಒಂದು ಗುಂಡಿಯಲ್ಲಿ ಮಾಡಿಕೊಡುತ್ತವೆ. 2020ರಲ್ಲಿ ಬಂದ ಸಿಡಿಜೆ-3000ದಲ್ಲಿ ಕೀ ಸಿಂಕ್ ಇದೆ, ಕೀ ಶಿಫ್ಟ್ ಇದೆ. ಒಳ್ಳೆಯದೇ. ಆದರೆ ಬಿಟ್ಟಿ ಏನೂ ಅಲ್ಲ. ವೇಗ ಮುಟ್ಟದೆ ಸ್ವರ ಬದಲಿಸಲು, ಸ್ವರ ಮುಟ್ಟದೆ ವೇಗ ಬದಲಿಸಲು ಯಂತ್ರ ಶಬ್ದವನ್ನು ಸಣ್ಣ ಸಣ್ಣ ಚೂರು ಮಾಡಿ ಮತ್ತೆ ಜೋಡಿಸಬೇಕು. ಶೇಕಡಾ ಒಂದೆರಡು ಬದಲಾದರೆ ಗೊತ್ತೇ ಆಗಲ್ಲ. ಆರರ ಹತ್ತಿರ ಹೋದರೆ ಕಿಕ್ಕಿನ ಮೊನೆ ಮೊಂಡಾಗುತ್ತದೆ, ಉದ್ದನೆಯ ದನಿಯಲ್ಲಿ ನೀರು ಹೊಕ್ಕ ಹಾಗೆ ಕೇಳಿಸುತ್ತದೆ. ಕಡಿಮೆ ಶಬ್ದದಲ್ಲಿ ಕೇಳಿದರೆ ಏನೂ ಅನ್ನಿಸುವುದಿಲ್ಲ, ದೊಡ್ಡ ಸ್ಪೀಕರ್ ಮುಂದೆ ಮುಚ್ಚಿಡಲು ಆಗುವುದಿಲ್ಲ.

ಫೇಡರ್ ಸೊನ್ನೆಯಲ್ಲಿದ್ದರೂ ಎಲ್ಲ ಟ್ರ್ಯಾಕ್ ಮನೆಯೊಳಗೇ ಇರುತ್ತದೆ ಅನ್ನೋ ಖಾತ್ರಿಯೂ ಇಲ್ಲ. ಹಳೆ ಡಿಸ್ಕೋ ರೆಕಾರ್ಡಿನಿಂದ ನಾಲ್ಕು ಬಾರ್ ಎತ್ತಿ ವೇಗ ಬದಲಿಸಿ ಮಾಡಿದ ಹೌಸ್ ಟ್ರ್ಯಾಕ್ ಎಷ್ಟಿಲ್ಲ? ಆ ವೇಗ ಬದಲಾದಾಗಲೇ ಅದರ ಸ್ವರವೂ ಮೂವತ್ತೋ ನಲವತ್ತೋ ಸೆಂಟ್ ಜರುಗಿರಬಹುದು. ಅದರ ಮೇಲೆ ಕೂಡಿಸಿದ ಬೇಸ್ಸನ್ನು ಅದಕ್ಕೆ ಹೊಂದುವಂತೆ ಶ್ರುತಿ ಮಾಡಿರುತ್ತಾರೆ. ಟ್ರ್ಯಾಕ್ ತನ್ನೊಳಗೆ ಸರಿಯಾಗಿರುತ್ತದೆ, ಸಾಮಾನ್ಯವಾಗಿ ಶ್ರುತಿಗೆ ಆಧಾರವಾಗಿ ಇಟ್ಟುಕೊಳ್ಳುವ 440 ಹರ್ಟ್ಸ್‌ಗೆ ಮಾತ್ರ ಸಂಬಂಧವಿಲ್ಲ. ಸಾಫ್ಟ್‌ವೇರ್ ಅದನ್ನು ಹತ್ತಿರದ ಮನೆಗೆ ತಳ್ಳಿ, ಒಂದು ಸಂಖ್ಯೆ ಬರೆದು ಕೈತೊಳೆದುಕೊಳ್ಳುತ್ತದೆ. ಎರಡು ಸ್ವರದಲ್ಲೇ ಮುಗಿಯುವ ಬೇಸ್‌ಲೈನ್, ಉಳಿದದ್ದೆಲ್ಲ ತಾಳವಾದ್ಯ ಅನ್ನುವಂಥ ಟ್ರ್ಯಾಕಾದರೆ ಅದು ಮೇಜರೋ ಮೈನರೋ ಅಂತ ಅದನ್ನು ಮಾಡಿದವರಿಗೇ ಗೊತ್ತಿರಲಿಕ್ಕಿಲ್ಲ. ಸಾಫ್ಟ್‌ವೇರ್ ಅದಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಖಾಲಿ ಬಿಡುವುದು ಅದಕ್ಕೆ ಗೊತ್ತಿಲ್ಲ.

ಎರಡು ಟ್ರ್ಯಾಕ್, ಒಂದು ಸಂಜೆ

ಕೊನೆಗೆ ಅದೇ ಎರಡು ಟ್ರ್ಯಾಕನ್ನು ಮನೆಯಲ್ಲಿ ಮತ್ತೆ ಹಾಕಿದೆ. ಕೀ ಲಾಕ್ ಆಫ್. ಲ್ಯಾಪ್‌ಟಾಪ್ ಮೇಲೆ ಟವೆಲ್, ಈ ಸಲ ಒಣಗಿದ್ದು. ಬೇಸ್ ಎ ಮೇಲೆ ನಿಲ್ಲುವ ಒಂದೊಂದು ತುಂಡನ್ನು ಎರಡೂ ಡೆಕ್‌ನಲ್ಲಿ ಲೂಪ್ ಮಾಡಿದೆ. ಎರಡೂ ಫೇಡರ್ ಸೊನ್ನೆಗೆ ತಂದೆ. ಒಂದು 122, ಇನ್ನೊಂದು 126. ಕಿಕ್‌ಗಳು ಒಂದರ ಮೇಲೊಂದು ಬಿದ್ದು ಎದ್ದು ಓಡಿದವು. ನಾಲ್ಕು ಬಿಪಿಎಂ ವ್ಯತ್ಯಾಸ ಅಂದರೆ ನಿಮಿಷಕ್ಕೆ ನಾಲ್ಕು ಸಲ ಮಾತ್ರ ಭೇಟಿ, 15 ಸೆಕೆಂಡಿಗೊಮ್ಮೆ. ಆದರೆ ಆ ಗಲಾಟೆಯ ಕೆಳಗೆ ಬೇಸ್ ನಿಶ್ಚಲವಾಗಿತ್ತು. ಎರಡು ಬೇಸ್ ಅಂತ ಹೇಳಲಾಗದಷ್ಟು ಒಂದಾಗಿತ್ತು. ಆಮೇಲೆ ಎಡಗಡೆ ಫೇಡರ್ ಮೆಲ್ಲಗೆ ಏರಿಸುತ್ತಾ ಹೋದೆ. ಕಿಕ್‌ಗಳು ಹತ್ತಿರ ಬಂದಂತೆ ಬೇಸ್ ಅಲುಗಾಡತೊಡಗಿತು. ಮೊದಲು ನಿಧಾನ, ದೊಡ್ಡ ಉಸಿರಿನ ಹಾಗೆ. ಆಮೇಲೆ ಚುರುಕಾಯಿತು. ಕಿಕ್‌ಗಳು ಸರಿಯಾಗಿ ಕೂತ ಕ್ಷಣಕ್ಕೆ ಆವತ್ತಿನ ಅದೇ ತೂಗಾಟ, ಸೆಕೆಂಡಿಗೆ ಎರಡಕ್ಕೆ ಸ್ವಲ್ಪ ಕಮ್ಮಿ. ಫೇಡರ್ ಇಳಿಸಿದೆ, ಬೇಸ್ ಸುಮ್ಮನಾಯಿತು, ಕಿಕ್ ಕೆದರಿತು. ಏರಿಸಿದೆ, ಕಿಕ್ ಕೂತಿತು, ಬೇಸ್ ಎದ್ದಿತು. ಈ ಜೋಡಿಯಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಜಾರಲೇಬೇಕು. ಸುಮಾರು ಅರ್ಧ ಗಂಟೆ ಸುಮ್ನೆ ಹೀಗೇ ಆಡುತ್ತಾ ಕೂತಿದ್ದೆ.

ಆಮೇಲೆ ಲೂಪ್ ತೆಗೆದು ಟ್ರ್ಯಾಕ್‌ಗಳನ್ನು ಪೂರ್ತಿ ಬಿಟ್ಟೆ. ಎಡಗಡೆಯದರ ಕೊನೆಯ 64 ಬೀಟ್ ಬರೀ ಡ್ರಮ್ಸ್. ಬಲಗಡೆಯದರ ಮೊದಲ 64 ಬೀಟ್ ಕೂಡ ಬರೀ ಡ್ರಮ್ಸ್. ನೂರಾರು ಸಲ ನೋಡಿದ್ದೇನೆ, ಈ ಬೋಳು ಜಾಗ ಯಾಕೆ ಬಿಟ್ಟಿರುತ್ತಾರೆ ಅಂತ ಯೋಚಿಸಿದ್ದು ಆವತ್ತೇ. ಬೀಟ್ ಹಿಡಿಯಲು ಅನುಕೂಲ ಅಂತ ಗೊತ್ತಿತ್ತು. ಕೀ ಲಾಕ್ ಇಲ್ಲದ ಕಾಲದಲ್ಲಿ ಮನೆ ಇಲ್ಲದ ಸ್ವರಗಳೆರಡು ಎದುರಾಬದುರಾ ಆಗದೆ ಹಾದುಹೋಗಲೂ ಇದೇ ದಾರಿ. ಆ ರಾತ್ರಿ ನಾನು ಅವಸರಪಟ್ಟು ತುಂಬಾ ಮುಂಚೆಯೇ ಫೇಡರ್ ಎತ್ತಿದ್ದೆ. ಕೀ ಲಾಕ್ ಆಫ್ ಇದ್ದರೂ, ಬಲಗಡೆಯ ಬೇಸ್ ತಗ್ಗಿಸುವ ಲೋ ನಾಬ್ ಪೂರ್ತಿ ಇಳಿಸಿಟ್ಟು ಎಡಗಡೆ ಬೇಸ್‌ಲೈನ್ ಮುಗಿಯುವವರೆಗೆ ಕಾದಿದ್ದರೆ ಯಾರೂ ಫೋನ್ ತೆಗೆಯುತ್ತಿರಲಿಲ್ಲ.

ಆ ಎರಡು ಟ್ರ್ಯಾಕ್ ಈಗಲೂ ಲೈಬ್ರರಿಯಲ್ಲಿ ಒಂದರ ಕೆಳಗೆ ಒಂದು ಇವೆ. ಎರಡರ ಮುಂದೆಯೂ 8ಎ ಹಾಗೇ ಇದೆ, ಅಳಿಸಿಲ್ಲ. ಕಾಮೆಂಟ್ ಕಾಲಂನಲ್ಲಿ ಮಾತ್ರ ಕೆಳಗಿನದರ ಮುಂದೆ 'ಬೇಸ್ ಕಾಯಿ' ಅಂತ ಬರೆದಿದ್ದೇನೆ. ಮೊನ್ನೆ ನನ್ನ ಯುಎಸ್‌ಬಿ ತೆಗೆದುಕೊಂಡು ಹೋಗಿದ್ದ ಹುಡುಗನೊಬ್ಬ, ಇದು ಯಾವ ಕಾಯಿ ಅಂತ ಕೇಳಿದ.